ಕಲಬುರಗಿಯ ಬಂದರುಗಳು: ಸಣ್ಣ ಹಡಗಿನ ಕರಾವಳಿಯಾನ

ದಡದ ಗುಡ್ಡ, ಕೋಟೆ, ದೀಪಸ್ತಂಭಗಳು ಕಣ್ಣಳತೆಯಲ್ಲೇ ಇರುವಂತೆ ಸಾಗುತ್ತ, ಹಳೆಯ ಬಂದರು ಪಟ್ಟಣಗಳನ್ನು ಒಂದೊಂದಾಗಿ ಮುಟ್ಟಿ ಹೋಗುವ ಸಣ್ಣ ಹಡಗಿನ ಪಯಣವೇ ಕರಾವಳಿಯಾನ. ಪಶ್ಚಿಮ ಕರಾವಳಿಯಲ್ಲಿ ಇಂಥ ಯಾನಕ್ಕೆ ಒದಗುವ ಊರುಗಳಿಗೆ ಬರವಿಲ್ಲ: ಉತ್ತರದಲ್ಲಿ ಚೌಲ್ ಮತ್ತು ದಾಭೋಳ, ನಡುವೆ ಗೋವ, ದಕ್ಷಿಣಕ್ಕೆ ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳ, ಬಸರೂರು, ಬಾರಕೂರು, ಮಂಗಳೂರು. ಪ್ರವಾಸದ ಕೈಪಿಡಿಗಳು ಇವನ್ನು ಕಡಲಿನ ಉದ್ದಕ್ಕೂ ಒಂದು ಸಾಲಾಗಿ ಬರೆಯುತ್ತವೆ. ಆ ಸಾಲು ನಕ್ಷೆಯ ಮಟ್ಟಿಗೆ ಸರಿ. ಚರಿತ್ರೆಯ ಮಟ್ಟಿಗೆ ಸಾಲದು. ಈ ಊರುಗಳು ಒಂದಕ್ಕೊಂದು ಅಂಟಿಕೊಂಡು ಬದುಕಿದ್ದು ಕಡಿಮೆ. ಪ್ರತಿ ಊರಿನ ಬೆನ್ನಿಗೆ ಒಂದು ಘಟ್ಟದ ದಾರಿ, ಆ ದಾರಿಯ ತುದಿಗೆ ಬಯಲುಸೀಮೆಯ ಒಂದು ರಾಜಧಾನಿ ಅಥವಾ ಪೇಟೆ ಇತ್ತು. ಬಂದರು ಏಳುವುದನ್ನೂ ಬೀಳುವುದನ್ನೂ ನಿರ್ಧರಿಸಿದ್ದು ನೀರಿನ ಆಳಕ್ಕಿಂತ ಹೆಚ್ಚಾಗಿ ಆ ದಾರಿಯೇ ಎಂಬುದು ಈ ಲೇಖನದ ವಾದ. ವಾದಕ್ಕೆ ಆಧಾರವಾಗಿ ಕಡಲಿನಿಂದ ಅತಿ ದೂರದ ಊರೊಂದನ್ನೇ ಆರಿಸಿಕೊಳ್ಳಲಾಗಿದೆ. ಕಲಬುರಗಿಗೆ ಸಮುದ್ರದ ಗಾಳಿ ಸೋಕುವುದಿಲ್ಲ. ದಾಭೋಳಕ್ಕೆ ಅಲ್ಲಿಂದ ನೇರ ಗೆರೆ ಎಳೆದರೂ ಸುಮಾರು 390 ಕಿಲೋಮೀಟರ್, ಗೋವಕ್ಕೆ ಸುಮಾರು 370. ಆದರೂ ಬಹಮನಿಗಳ ಮೊದಲ ರಾಜಧಾನಿಯಾಗಿದ್ದ ಈ ಊರನ್ನು ಬಿಟ್ಟು ಚೌಲ್, ದಾಭೋಳಗಳ ಕಥೆ ಹೇಳಲಾಗದು.

ಮೊದಲು ಹಡಗಿನ ಗಾತ್ರದ ಮಾತು. ಈ ಬಂದರುಗಳಲ್ಲಿ ಬಹುಪಾಲು ಅಳಿವೆಯ ಬಂದರುಗಳು. ಘಟ್ಟದಿಂದ ಇಳಿದ ನದಿ ಕಡಲು ಸೇರುವೆಡೆಯಲ್ಲಿ, ಹಲವು ಕಡೆ ನದಿಯೊಳಗೆ ಇನ್ನಷ್ಟು ಮೇಲೆ, ಬೆಳೆದ ಊರುಗಳು. ದಾಭೋಳ ವಾಶಿಷ್ಠಿಯದು, ಚೌಲ್ ಕುಂಡಲಿಕೆಯದು, ಹಳೆಯ ಗೋವ ಮಾಂಡವಿಯದು, ಹೊನ್ನಾವರ ಶರಾವತಿಯದು. ಮಳೆಗಾಲದಲ್ಲಿ ನದಿ ತರುವ ಮಣ್ಣನ್ನು ಕಡಲಿನ ಅಲೆ ಹಿಂದಕ್ಕೆ ನೂಕಿ ಬಾಯಿಯಲ್ಲಿ ಮರಳಿನ ದಿಬ್ಬ ಕಟ್ಟುತ್ತದೆ. ಆಳ ಬೇಡುವ ಹಡಗು ದಿಬ್ಬದಾಚೆ ಲಂಗರು ಹಾಕಿ ನಿಲ್ಲಬೇಕು. ಚಪ್ಪಟೆ ತಳದ ದೋಣಿ, ಮಚ್ವೆ, ಮಂಜಿಗಳು ಭರತದ ನೀರು ನೋಡಿಕೊಂಡು ಒಳಗೆ ನುಸುಳುತ್ತವೆ. ಆಗಬೋಟಿನ ಕಾಲದಲ್ಲೂ ಇದೇ ಕ್ರಮ ಇತ್ತು: ಮುಂಬಯಿ ಮತ್ತು ಮಂಗಳೂರಿನ ನಡುವೆ ಓಡುತ್ತಿದ್ದ ಸ್ಟೀಮರುಗಳು ಹಲವು ಊರುಗಳ ಮುಂದೆ ದೂರದಲ್ಲೇ ನಿಲ್ಲುತ್ತಿದ್ದವು, ಜನ ದೋಣಿಯಲ್ಲಿ ಹೋಗಿ ಹತ್ತುತ್ತಿದ್ದರು. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಕಡಲು ಮುಚ್ಚಿದಂತೆಯೇ. ಅದನ್ನು ಲೆಕ್ಕಿಸದೆ ಹೊರಟವರು ಬೆಲೆ ತೆತ್ತದ್ದೂ ಉಂಟು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್ ಕಡೆಗೆ ಹೊರಟ ರಾಮದಾಸ್ ಎಂಬ ಸ್ಟೀಮರು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಹೀಗಾಗಿ ಸಣ್ಣ ಹಡಗು ಎಂಬುದು ಇಲ್ಲಿ ಪ್ರವಾಸೋದ್ಯಮದ ಹೊಸ ಶೋಕಿಯಲ್ಲ. ಈ ಊರುಗಳು ಹುಟ್ಟಿದ್ದೇ ಸಣ್ಣ ಹಡಗುಗಳಿಗಾಗಿ.

ಈಗ ಕಲಬುರಗಿ. 1347ರಲ್ಲಿ ದಿಲ್ಲಿಯಿಂದ ಬೇರ್ಪಟ್ಟ ಅಲಾವುದ್ದೀನ್ ಹಸನ್ ಬಹಮನ್ ಶಾಹ ಇಲ್ಲಿ ರಾಜಧಾನಿ ಹೂಡಿದ ಮೇಲೆ ರಾಜ್ಯಕ್ಕೊಂದು ಇಕ್ಕಟ್ಟು ಎದುರಾಯಿತು. ಉತ್ತರದ ಬಾಗಿಲು ದಿಲ್ಲಿಯೊಂದಿಗಿನ ವೈರದಿಂದ ಮುಚ್ಚಿತು. ಮಧ್ಯ ಏಷ್ಯಾ, ಇರಾನ್‌ಗಳಿಂದ ಬರಬೇಕಾದ ಸೈನಿಕರು, ವಿದ್ವಾಂಸರು, ಕುಶಲಕರ್ಮಿಗಳು, ಎಲ್ಲಕ್ಕೂ ಮಿಗಿಲಾಗಿ ಕುದುರೆಗಳು ಇನ್ನು ಕಡಲ ದಾರಿಯಲ್ಲೇ ಬರಬೇಕಾಯಿತು. ದಖ್ಖನದ ಹವೆಯಲ್ಲಿ ಯುದ್ಧದ ಕುದುರೆಯ ಒಳ್ಳೆಯ ತಳಿ ನಿಲ್ಲುತ್ತಿರಲಿಲ್ಲ. ವಿಜಯನಗರಕ್ಕೂ ಬಹಮನಿಗೂ ವರ್ಷ ವರ್ಷವೂ ಅರಬ್ಬಿ, ಇರಾನಿ ಕುದುರೆ ಬೇಕು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಬಯಲಂಗಳವಿಲ್ಲದೆ ಪೂರ್ತಿ ಮುಚ್ಚಿದ ಆ ಕಟ್ಟಡ ಭಾರತದಲ್ಲಿ ಅಪರೂಪದ್ದು. ಅದನ್ನು ನೋಡಿದವರು ಸಾಮಾನ್ಯವಾಗಿ ಶೈಲಿಯ ಬಗ್ಗೆ ಮಾತಾಡುತ್ತಾರೆ, ಅದರ ಹಿಂದಿನ ಕಡಲ ದಾರಿಯನ್ನು ಮರೆಯುತ್ತಾರೆ. ಇದೇ ಹೊತ್ತಿನ ಇನ್ನೊಂದು ಪ್ರಸಂಗ ಚರಿತ್ರೆಕಾರ ಫಿರಿಷ್ತಾನದು. ಎರಡನೆಯ ಮುಹಮ್ಮದ್ ಶಾಹನ ಆಸ್ಥಾನದಿಂದ ಕರೆ ಬಂದಾಗ ಶಿರಾಜಿನ ಕವಿ ಹಾಫಿಜ್ ಹೊರ್ಮುಜ್‌ವರೆಗೆ ಬಂದು ಹಡಗು ಹತ್ತಿದನಂತೆ. ಗಾಳಿ ಎದ್ದದ್ದನ್ನು ಕಂಡು ಇಳಿದುಬಿಟ್ಟನಂತೆ. ತಾನು ಬರುವ ಬದಲು ಒಂದು ಗಜಲನ್ನು ಕಳಿಸಿದನಂತೆ. ಕಥೆ ನಿಜವೋ ಅಲ್ಲವೋ, ಅದರೊಳಗಿನ ಭೂಗೋಳ ನಿಜ: ಶಿರಾಜಿನಿಂದ ಕಲಬುರಗಿಗೆ ಬರುವ ದಾರಿ ಹೊರ್ಮುಜ್‌ನಲ್ಲಿ ನೀರಿಗಿಳಿದು ಕೊಂಕಣದಲ್ಲಿ ನೆಲ ಮುಟ್ಟುತ್ತಿತ್ತು.

ಇದಕ್ಕೆ ಕಣ್ಣಾರೆ ಕಂಡವನ ಸಾಕ್ಷಿಯೂ ಇದೆ. ರಷ್ಯಾದ ತ್ವೇರ್ ಊರಿನ ವರ್ತಕ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಒಂದು ಕುದುರೆಯ ಸಮೇತ ಹಡಗು ಹತ್ತಿ, ಗುಜರಾತಿನ ಕರಾವಳಿಯನ್ನು ಹಿಡಿದು, ಚೌಲ್‌ನಲ್ಲಿ ಇಳಿದ. ಅವನು ಭಾರತದಲ್ಲಿದ್ದ ಅವಧಿಯನ್ನು ಸಾಮಾನ್ಯವಾಗಿ 1469ರಿಂದ 1472 ಎಂದು ಗುರುತಿಸುತ್ತಾರೆ. ಚೌಲ್‌ನಿಂದ ಘಟ್ಟ ಹತ್ತಿ ಜುನ್ನಾರ್ ಸೇರಿದ, ಅಲ್ಲಿಂದ ಬೀದರಿಗೆ ಬಂದ, ಕಡೆಗೆ ದಾಭೋಳದಲ್ಲಿ ಹಡಗು ಹತ್ತಿ ಹಿಂದಿರುಗಿದ. ಅವನ ಟಿಪ್ಪಣಿಗಳಲ್ಲಿ ದಾಭೋಳದ ಮಾತು ಬರುವ ಕಡೆ ಗಮನಿಸತಕ್ಕದ್ದು. ಅದು ಬಹು ದೊಡ್ಡ ಬಂದರು, ಈಜಿಪ್ಟ್, ಅರಬಸ್ತಾನ, ಖೊರಾಸಾನ್, ತುರ್ಕಿಸ್ತಾನಗಳಿಂದ ಅಲ್ಲಿಗೆ ಕುದುರೆ ಬರುತ್ತದೆ, ಅಲ್ಲಿಂದ ನೆಲದ ಮೇಲೆ ಬೀದರಿಗೂ ಕಲಬುರಗಿಗೂ ಒಂದು ತಿಂಗಳ ದಾರಿ ಎಂದು ಬರೆಯುತ್ತಾನೆ. ರಾಜಧಾನಿ ಬೀದರಿಗೆ ಹೋಗಿ ಆಗಲೇ ಕೆಲವು ದಶಕ ಕಳೆದಿತ್ತು. ಆದರೂ ವರ್ತಕನ ಬಾಯಲ್ಲಿ ಕಲಬುರಗಿಯ ಹೆಸರು ದಾಭೋಳದ ಜೊತೆಯಲ್ಲೇ ಬರುತ್ತದೆ. ಅವನ ಪಾಲಿಗೆ ಬಂದರಿನ ಗುರುತು ಕಡಲಲ್ಲಿ ಅದರ ಪಕ್ಕದ ಊರು ಯಾವುದು ಎಂಬುದಲ್ಲ, ಅದು ಯಾವ ಪೇಟೆಗೆ ಸರಕು ಸಾಗಿಸುತ್ತದೆ ಎಂಬುದು. ಬಹಮನಿಗಳ ಹೆಸರಾಂತ ಮಂತ್ರಿ ಮಹಮೂದ್ ಗಾವಾನ್ ಕೂಡ ಗೀಲಾನಿನ ವರ್ತಕನಾಗಿ ದಾಭೋಳದಲ್ಲೇ ಇಳಿದವನು. ಮುಂದೆ ಅವನು ಕೊಂಕಣದ ಸಂಗಮೇಶ್ವರ, ಖೇಳಣಾ ಕಡೆಯ ನಾಯಕರ ಮೇಲೆ ದಂಡೆತ್ತಿ ಹೋದದ್ದು, 1472ರಲ್ಲಿ ಗೋವವನ್ನು ಗೆದ್ದದ್ದು ಬರಿಯ ಸೀಮೆ ವಿಸ್ತಾರಕ್ಕಲ್ಲ. ಆ ನಾಯಕರ ಹಡಗುಗಳು ವರ್ತಕರನ್ನೂ ಯಾತ್ರಿಕರನ್ನೂ ದೋಚುತ್ತಿದ್ದವು. ಗೋವ ವಿಜಯನಗರದ ಕೈಯಲ್ಲಿದ್ದಷ್ಟು ದಿನ ಶತ್ರುವಿಗೆ ಕುದುರೆ ಸಿಗುತ್ತಿತ್ತು. ಕುದುರೆಯ ಈ ಪೈಪೋಟಿ ಎಷ್ಟು ಕ್ರೂರವಾಗಿತ್ತೆಂದರೆ, ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ಭಟ್ಕಳದ ಮುಸ್ಲಿಂ ವರ್ತಕರನ್ನು ವಿಜಯನಗರದ ಅರಸ 1470ರ ದಶಕದ ಕೊನೆಗೆ ಕೊಲ್ಲಿಸಿದನೆಂದೂ, ಉಳಿದವರು ಗೋವಕ್ಕೆ ಓಡಿದರೆಂದೂ ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ.

ಈ ಚಿತ್ರಕ್ಕೆ ಎರಡು ಆಕ್ಷೇಪ ಎತ್ತಬಹುದು. ಮೊದಲನೆಯದು: ಬಹಮನಿ ಅರಸ ಫಿರೋಜ್ ಶಾಹ (ಆಳ್ವಿಕೆ 1397–1422) ವರ್ಷಕ್ಕೊಮ್ಮೆ ಗೋವ ಮತ್ತು ಚೌಲ್‌ಗಳಿಂದ ಹಡಗು ಕಳಿಸಿ ಪರದೇಶಗಳ ಸರಕನ್ನೂ ಪಂಡಿತರನ್ನೂ ತರಿಸುತ್ತಿದ್ದನೆಂದು ಫಿರಿಷ್ತಾ ಹೇಳುತ್ತಾನೆ. ಆದರೆ ಅವನು ಬರೆದದ್ದು ಸುಮಾರು ಎರಡು ನೂರು ವರ್ಷಗಳ ನಂತರ, ಬಿಜಾಪುರದಲ್ಲಿ ಕುಳಿತು. ಫಿರೋಜನ ಕಾಲದಲ್ಲಿ ಗೋವ ವಿಜಯನಗರದ ವಶದಲ್ಲಿತ್ತು. ಆಕ್ಷೇಪ ನ್ಯಾಯವಾದದ್ದೇ; ಆ ಹೇಳಿಕೆಯಿಂದ ಗೋವವನ್ನು ತೆಗೆದುಬಿಡುವುದೇ ಮೇಲು. ಚೌಲ್ ಉಳಿಯುತ್ತದೆ, ವಾದಕ್ಕೆ ಅಷ್ಟು ಸಾಕು. ಎರಡನೆಯದು ಇನ್ನೂ ಗಟ್ಟಿ: ಬಹಮನಿಗಳಿಗೆ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ, ಹಡಗುಗಳು ಅರಬರವು, ಗುಜರಾತಿಗಳವು, ಹೊರ್ಮುಜ್ ವರ್ತಕರವು, ಹಾಗಿದ್ದ ಮೇಲೆ ಕಲಬುರಗಿಗೆ ಕಡಲಿನ ಹಕ್ಕು ಎಲ್ಲಿಂದ? ಇಲ್ಲಿ ಪ್ರಶ್ನೆ ಒಡೆತನದ್ದಲ್ಲ. ಹಡಗು ಯಾರದ್ದಾದರೂ ಆಗಿರಲಿ, ಅದು ಇಂಥ ಅಳಿವೆಯನ್ನೇ ಹುಡುಕಿ ಬರುವುದು ಆಚೆ ಕೊಳ್ಳುವವನಿದ್ದಾನೆಂಬ ಭರವಸೆಯಿಂದ. ಕುದುರೆಗೆ ಹಣ ಕೊಡುವ ಅರಸ ಕಲಬುರಗಿಯಲ್ಲಿ, ಆಮೇಲೆ ಬೀದರಿನಲ್ಲಿ ಕುಳಿತಿದ್ದ. ಇಂದು ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಹಾದು ಬೀದರಿಗೆ ಹೋಗುವ ರಸ್ತೆ ಸೇರಿಸುವುದು ಅದೇ ಎರಡು ಗಿರಾಕಿ ಊರುಗಳನ್ನು.

ಯಾನವನ್ನು ಉತ್ತರದಿಂದ ಆರಂಭಿಸಿದರೆ ಮೊದಲು ಸಿಗುವುದು ಚೌಲ್. ಹತ್ತನೆಯ ಶತಮಾನದ ಆರಂಭದಲ್ಲೇ ಅರಬ್ ಲೇಖಕ ಮಸೂದಿ ಇದನ್ನು ಸೈಮೂರ್ ಎಂಬ ಹೆಸರಿನಲ್ಲಿ ಕಂಡಿದ್ದ. ಮೇಲೆ ಜುನ್ನಾರ್, ನಂತರ ಅಹಮದನಗರ ಅದರ ಬೆನ್ನೆಲುಬು. 1508ರಲ್ಲಿ ಈ ಅಳಿವೆಯಲ್ಲಿ ಈಜಿಪ್ಟಿನ ಮಮ್ಲೂಕರ ಮತ್ತು ಗುಜರಾತಿನ ಹಡಗುಗಳು ಪೋರ್ಚುಗೀಸರನ್ನು ಎದುರಿಸಿದವು; ವೈಸ್‌ರಾಯ್ ಅಲ್ಮೇದನ ಮಗ ಲೊರೆನ್ಸೊ ಸತ್ತ. ಈಗ ಚೌಲ್‌ನ ರೇವದಂಡ ಕೋಟೆಯ ಗೋಡೆಗಳ ನಡುವೆ ತೆಂಗಿನ ತೋಟಗಳಿವೆ. ಎದುರು ದಡದ ಕೊರ್ಲಯಿ ಹಳ್ಳಿಯಲ್ಲಿ ಪೋರ್ಚುಗೀಸ್ ಬೆರೆತ ಮನೆಮಾತು ಇನ್ನೂ ಉಳಿದಿದೆ. ಮುಂದಿನದು ದಾಭೋಳ; ಕಲಬುರಗಿಯ ದೃಷ್ಟಿಯಿಂದ ಇದೇ ಮುಖ್ಯ ನಿಲುಗಡೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಅಂದರೆ ದಾಭೋಳ ಕಲಬುರಗಿಗೆ ನೆಟ್ಟಗೆ ಪಶ್ಚಿಮಕ್ಕೆ. ಅಳಿವೆಯಿಂದ ವಾಶಿಷ್ಠಿಯಲ್ಲಿ ಮೇಲಕ್ಕೆ ಹೋದರೆ ಚಿಪ್ಳೂಣ, ಅಲ್ಲಿಂದ ಕುಂಭಾರ್ಲಿ ಘಟ್ಟ ಹತ್ತಿದರೆ ಕರಾಡ, ಆಮೇಲೆ ಕೃಷ್ಣಾ ಮತ್ತು ಭೀಮೆಯ ಬಯಲು. 1508ರ ಡಿಸೆಂಬರ್ ಕೊನೆಗೆ ಅಲ್ಮೇದ ಮಗನ ಸಾವಿನ ಸೇಡಿಗೆಂದು ದೀವ್ ಕಡೆಗೆ ಹೋಗುವ ದಾರಿಯಲ್ಲಿ ಈ ಊರನ್ನು ಸುಟ್ಟು ಜನರನ್ನು ಕೊಂದ. ಅಲ್ಲಿಗೆ ದಾಭೋಳದ ಕಥೆ ಮುಗಿಯಿತೆಂದು ಬರೆಯುವವರಿದ್ದಾರೆ, ಅದು ತಪ್ಪು. ಹದಿನೇಳನೆಯ ಶತಮಾನದಲ್ಲೂ ಅದು ಬಿಜಾಪುರದ ಆದಿಲ್‌ಶಾಹಿಗಳ ದೊಡ್ಡ ಬಂದರಾಗಿತ್ತು, ಕೆಂಪು ಸಮುದ್ರಕ್ಕೂ ಪರ್ಷಿಯಾಕ್ಕೂ ಹಡಗು ಕಳಿಸುತ್ತಿತ್ತು, ಇಂಗ್ಲಿಷರೂ ಅಲ್ಲಿ ವ್ಯಾಪಾರಕ್ಕೆ ಹವಣಿಸಿದರು. ದಡದ ಅಂದವಾದ ಶಾಹಿ ಮಸೀದಿ ಆ ಶತಮಾನದ ನಡುವಿನದು. ಸುಟ್ಟ ಊರು ಮತ್ತೆ ಎದ್ದಿತೆಂದರೆ ಮೇಲಿನ ಪೇಟೆ ಬದುಕಿತ್ತೆಂದೇ ಅರ್ಥ. ಬಿಜಾಪುರ ಕೈಬಿಟ್ಟ ಮೇಲೆ ಮಾತ್ರ ಅದು ಏಳಲಿಲ್ಲ.

ಗೋವ ಈ ವಾದಕ್ಕೆ ಎದುರು ಸಾಕ್ಷಿಯಂತೆ ಕಾಣುತ್ತದೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಅದನ್ನು ಬಿಜಾಪುರದಿಂದ ಕಿತ್ತುಕೊಂಡ ಮೇಲೆ (ಅವನನ್ನು ಅತ್ತ ತಿರುಗಿಸಿದವನು ಹೊನ್ನಾವರ ಕಡೆಯ ತಿಮ್ಮಯ್ಯ ಎಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ) ಘಟ್ಟದ ಮೇಲಿನ ಅರಸನಿಗೆ ಸೇರದ ಊರೊಂದು ಕಡಲಿನ ಬಲದಿಂದಲೇ ಏಷ್ಯಾದ ದೊಡ್ಡ ನಗರಗಳಲ್ಲಿ ಒಂದಾಯಿತು. ಹಾಗಾದರೆ ಒಳನಾಡು ಬೇಕಿಲ್ಲವೆಂದಾಯಿತಲ್ಲ? ಆದರೆ ಆ ನಗರದ ಸುಂಕದ ಕಟ್ಟೆ ತುಂಬುತ್ತಿದ್ದುದು ಯಾವುದರಿಂದ ಎಂದು ಕೇಳಬೇಕು. ವಿಜಯನಗರಕ್ಕೆ ಹೋಗುವ ಕುದುರೆ, ಮಖಮಲ್ಲು, ರೇಷ್ಮೆಯ ವ್ಯಾಪಾರ ಅದರಲ್ಲಿ ದೊಡ್ಡ ಪಾಲು. 1565ರ ಯುದ್ಧದಲ್ಲಿ ವಿಜಯನಗರ ಬಿದ್ದಾಗ ಗೋವದ ಸುಂಕಕ್ಕೆ ಭಾರಿ ಪೆಟ್ಟು ಬಿತ್ತೆಂದು ಪೋರ್ಚುಗೀಸ್ ಚರಿತ್ರೆಕಾರ ದಿಯೋಗೊ ದು ಕೊತು ಹಲುಬಿದ್ದಾನೆ. ರಾಜಧಾನಿಯನ್ನು ಸುಟ್ಟವರು ಗೋವದ ಹತ್ತಿರ ಸುಳಿದಿರಲಿಲ್ಲ, ಗೋವದ ಹಡಗುಗಳಿಗೆ ಏನೂ ಆಗಿರಲಿಲ್ಲ. ತುಂಗಭದ್ರೆಯ ದಡದಲ್ಲಿ ಗಿರಾಕಿ ಸತ್ತಿದ್ದ, ಅಷ್ಟೆ. ಕಡಲ ಬಲ ಬಂದರನ್ನು ಕಾಯಬಲ್ಲದು, ತುಂಬಿಸಲಾರದು.

ಕನ್ನಡ ಕರಾವಳಿಯಲ್ಲಿ ಇದೇ ಮಾತಿಗೆ ಇನ್ನೂ ತೆಳ್ಳಗಿನ ಎಳೆಗಳು ಸಿಗುತ್ತವೆ. ಕಾರವಾರವನ್ನು ನೋಡಿ. ಗುಡ್ಡ, ದ್ವೀಪಗಳ ಮರೆಯಲ್ಲಿ ಬೈತಕೋಲದ ಕೊಲ್ಲಿ, ನೀರಿಗೆ ಆಳ, ಗಾಳಿಗೆ ಆಸರೆ. ಸ್ವಾಭಾವಿಕ ಬಂದರು ಎಂದರೆ ಹೀಗಿರಬೇಕು ಎನ್ನುವಂತಿದೆ. ಇಂಗ್ಲಿಷರು 1638ರಲ್ಲೇ ಇಲ್ಲಿ ಕೋಠಿ ತೆರೆದರು. ಆದರೂ ಧಾರವಾಡ ಸೀಮೆಯ ಹತ್ತಿ ಹೆಸರು ಪಡೆದದ್ದು ಅಷ್ಟೇನೂ ಆಸರೆಯಿಲ್ಲದ ಕುಮಟಾದಿಂದ. ಹತ್ತಿ ಬೆಳೆದದ್ದು ಕರಿಮಣ್ಣಿನ ಬಯಲಲ್ಲಿ, ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಕಾರವಾರವನ್ನು ಹತ್ತಿಯ ಬಂದರಾಗಿಸುವ ದೊಡ್ಡ ಆಸೆ ಚಿಗುರಿತು. 1880ರ ದಶಕದಲ್ಲಿ ರೈಲು ಘಟ್ಟ ಇಳಿದು ಮರ್ಮಗೋವಾ ಸೇರಿದ್ದೇ ಆ ಆಸೆ ಬಾಡಿತು. ಆಳದ ನೀರು ಸೋತದ್ದು ಹಳಿಗಳಿಗೆ. ಹೊನ್ನಾವರಕ್ಕೆ 1342ರ ಸುಮಾರಿಗೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವೆಂದು ಬೆರಗಿನಿಂದ ಬರೆದ. ಒಂದು ಶತಮಾನದ ನಂತರ ವಿಜಯನಗರಕ್ಕೆ ರಾಯಭಾರಿಯಾಗಿ ಬಂದಿದ್ದ ಅಬ್ದುರ್ ರಜಾಕ್ ಹೆರಾತಿಗೆ ಹಿಂದಿರುಗಲು ಹಡಗು ಹಿಡಿದದ್ದೂ ಇಲ್ಲಿಂದಲೇ. ಭಟ್ಕಳ ವಿಜಯನಗರದ ಕುದುರೆಯ ಬಾಗಿಲಾಗಿತ್ತು. 1565ರ ನಂತರ ಅದರ ಹಳೆಯ ಮೆರುಗು ಮರಳಲಿಲ್ಲ, ಊರು ಮಾತ್ರ ಉಳಿಯಿತು. ಬಾರಕೂರು ಆಳುಪರ ಕಾಲದಿಂದ ರಾಜಧಾನಿಯೂ ಬಂದರೂ ಆಗಿದ್ದುದರಿಂದ ತುಸು ಬೇರೆ ಬಗೆಯದು.

ಬಸರೂರಿನಲ್ಲಿ ಸ್ವಲ್ಪ ನಿಲ್ಲಬೇಕು. ಕುಂದಾಪುರದ ಪಕ್ಕ, ಕಡಲಿಂದ ಒಳಕ್ಕೆ, ನದಿಯ ಬದಿಗಿರುವ ಈ ಊರಿನ ಅಕ್ಕಿಯನ್ನು ನಂಬಿ ಗೋವ ಉಣ್ಣುತ್ತಿತ್ತು, ಮಸ್ಕತ್‌ಗೂ ಅದು ಹೋಗುತ್ತಿತ್ತು. ಘಟ್ಟದ ಮೇಲೆ ಕೆಳದಿ ಅರಸರ ಬಿದನೂರು, ಹೊಸಂಗಡಿ ಘಟ್ಟದ ದಾರಿ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಹಡಗುಗಳಲ್ಲಿ ಬಂದು ಬಸರೂರನ್ನು ಲೂಟಿ ಮಾಡಿ, ಹಿಂದಿರುಗುವಾಗ ಗೋಕರ್ಣದಲ್ಲಿ ನಿಂತು, ಕಾರವಾರದಲ್ಲಿ ಕಾಣಿಕೆ ವಸೂಲಿ ಮಾಡಿದ. ಹಡಗಿನಲ್ಲಿ ಕರಾವಳಿ ಹಿಡಿದು ಬಂದರು ಬಂದರು ಮುಟ್ಟಿದ ಈ ದಂಡಯಾತ್ರೆಗೆ ಲೂಟಿಯೇ ಗುರಿ, ಲೂಟಿಗೆ ಯೋಗ್ಯವಾದದ್ದು ಇತ್ತೆಂಬುದಕ್ಕೆ ಅದೇ ಪುರಾವೆ. ಹಾಗಿದ್ದೂ ಬಸರೂರು ಸೋತುಹೋದದ್ದು ಆ ಲೂಟಿಯಿಂದಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ, ಮಂಗಳೂರನ್ನು ತನ್ನ ಹಡಗುಕಟ್ಟೆಯಾಗಿಸಿಕೊಂಡ. ಸರಕಿನ ದಾರಿ ದಕ್ಷಿಣಕ್ಕೆ ಹೊರಳಿತು. ಮಂಗಳೂರಿನ ಬಾಳೂ ಹಾಗೆಯೇ: ಹನ್ನೆರಡನೆಯ ಶತಮಾನದಲ್ಲಿ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಅಲ್ಲಿ ನೆಲೆಸಿದ್ದಾಗ ಮೆಣಸು, ಹತ್ತೊಂಬತ್ತರಲ್ಲಿ ಕೊಡಗು, ಚಿಕ್ಕಮಗಳೂರುಗಳ ಕಾಫಿ. ಅಳಿವೆ ಅದೇ, ನದಿ ಅದೇ. ಬದಲಾದದ್ದು ಮೇಲಿನಿಂದ ಇಳಿಯುವ ಸರಕು.

ಹೂಳಿನ ವಾದವನ್ನು ಇಲ್ಲಿ ಎದುರಿಸಲೇಬೇಕು, ಏಕೆಂದರೆ ಬಂದರು ಹಾಳಾದದ್ದಕ್ಕೆ ಎಲ್ಲರ ಬಾಯಲ್ಲೂ ಬರುವ ಕಾರಣ ಅದೇ: ನದಿ ಮಣ್ಣು ತಂದಿತು, ಅಳಿವೆ ಮುಚ್ಚಿತು, ಊರು ಬಿತ್ತು. ಹೂಳು ಇದ್ದದ್ದು ನಿಜ. ಆದರೆ ಅದು ಪ್ರತಿ ಮಳೆಗಾಲದ ಮಾತು. ಬಂದರುಗಳು ಏಳಿಗೆಯಲ್ಲಿದ್ದ ಶತಮಾನಗಳಲ್ಲೂ ನದಿಗಳು ಮಣ್ಣನ್ನೇ ತರುತ್ತಿದ್ದವು. ಸಣ್ಣ ಹಡಗು ಆ ದಿಬ್ಬಗಳ ನಡುವೆಯೇ ದಾರಿ ಕಂಡುಕೊಂಡಿತ್ತು. ಸರಕು ಇದ್ದಷ್ಟು ದಿನ ಜನ ಕಟ್ಟೆಯನ್ನು ಅಳಿವೆಯತ್ತ ಸರಿಸಿಕೊಂಡರು, ಬಸರೂರಿನ ವ್ಯವಹಾರ ಗಂಗೊಳ್ಳಿ, ಕುಂದಾಪುರಗಳಿಗೆ ಇಳಿದಂತೆ. ಇನ್ನೂ ಒಂದು ಮಾತು: ಹೂಳು ನಿಧಾನವಾಗಿ ಕೂರುತ್ತದೆ, ಭಟ್ಕಳದಂಥ ಊರಿನ ಇಳಿಗಾಲಕ್ಕೋ ಒಂದು ಯುದ್ಧದ ತಾರೀಖು ಅಂಟಿಕೊಂಡಿದೆ. ಉಗಿ ಹಡಗು ಬಂದು ಗಾತ್ರ ಬೆಳೆದ ಮೇಲೆ ಹೂಳು ನಿಜವಾದ ಅಡ್ಡಿಯಾಯಿತು ಎಂಬುದನ್ನು ಒಪ್ಪಬೇಕು. ಅಷ್ಟರೊಳಗೆ ಚೌಲ್, ದಾಭೋಳ, ಬಸರೂರುಗಳು ಸೊರಗಿ ಬಹಳ ಕಾಲವಾಗಿತ್ತು.

ಕಲಬುರಗಿಯ ಮಟ್ಟಿಗೆ ದಾಭೋಳದ ದಾರಿಯನ್ನು ಕೊನೆಗೆ ಅಳಿಸಿಹಾಕಿದ್ದು ರೈಲು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್ ಮೇಲೆ ರಾಯಚೂರಿಗೆ ಹಳಿ ಜೋಡಣೆಯಾದದ್ದು 1871ರಲ್ಲಿ. ನಿಕಿತಿನ್ ಎಣಿಸಿದ ತಿಂಗಳ ದಾರಿ ಒಂದು ದಿನಕ್ಕೆ ಇಳಿಯಿತು. ಅಂದಿನಿಂದ ಕಲಬುರಗಿಯ ಬಂದರು ಎಂದರೆ ಮುಂಬಯಿ. ಹತ್ತಿ, ಎಣ್ಣೆಕಾಳು, ಶಹಾಬಾದಿನ ಹಾಸುಗಲ್ಲು ಆ ಹಳಿಯ ಮೇಲೆ ಹೋದವು. ಬಂದೇ ನವಾಜರ ದರ್ಗಾದ ಊರಿನಿಂದ, ಮೋಮಿನಪುರದಂಥ ಮೊಹಲ್ಲಾಗಳಿಂದ ಹಜ್‌ಗೆ ಹೊರಟವರೂ ರೈಲಿನಲ್ಲಿ ಮುಂಬಯಿಗೆ ಹೋಗಿ ಜೆದ್ದಾದ ಹಡಗು ಹತ್ತಬಹುದಿತ್ತು. ಮುಂಬಯಿಯಿಂದ ಯಾತ್ರಿಕರ ಹಡಗು 1995ರಲ್ಲಿ ನಿಂತಿತು, ವಿಮಾನ ಆ ಜಾಗ ಹಿಡಿಯಿತು. ಕಲಬುರಗಿಯ ಮೊದಲ ಮುಹಮ್ಮದ್ ಶಾಹನ ತಾಯಿ ಕಡಲು ದಾಟಿ ಮೆಕ್ಕಾಕ್ಕೆ ಹೋಗಿಬಂದಳೆಂದು ಚರಿತ್ರೆಕಾರರು ಹೇಳುವ ಕಾಲದಿಂದ ಎಣಿಸಿದರೆ ಆರು ಶತಮಾನಗಳ ರೂಢಿಯದು.

ಇಂದಿನ ಯಾನದ ಸ್ಥಿತಿ ಅಷ್ಟೇನೂ ಉತ್ಸಾಹ ತರುವಂಥದ್ದಲ್ಲ. ಮುಂಬಯಿ–ಗೋವ ಸ್ಟೀಮರು ನಿಂತ ದಶಕಗಳ ಮೇಲೆ 2018ರ ಅಕ್ಟೋಬರಿನಲ್ಲಿ ಆಂಗ್ರಿಯಾ ಎಂಬ ವಿಹಾರ ಹಡಗು ಆ ಮಾರ್ಗದಲ್ಲಿ ಹೊರಟಿತು. ಅದು ರಾತ್ರಿಯ ಪಯಣವಾಗಿತ್ತು, ನಡುವಿನ ಹಳೆಯ ಬಂದರುಗಳನ್ನು ಮುಟ್ಟುವ ಯಾನವಾಗಿರಲಿಲ್ಲ. ದೊಡ್ಡ ಪ್ರವಾಸಿ ಹಡಗುಗಳು ಕರ್ನಾಟಕದಲ್ಲಿ ನಿಲ್ಲುವುದು 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾದ ಪಣಂಬೂರಿನ ನವಮಂಗಳೂರಿನಲ್ಲಿ. ಅದು ಅಳಿವೆಯಲ್ಲ, ದಡವನ್ನು ಅಗೆದು ಮಾಡಿದ ಕೊಳ. ಅಲ್ಲಿ ಇಳಿದವರು ಬಸ್ಸಿನಲ್ಲಿ ದೇವಸ್ಥಾನ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಗಂಗೊಳ್ಳಿ, ಮಲ್ಪೆ, ಹೊನ್ನಾವರಗಳ ಧಕ್ಕೆಗಳು ಈಗ ಮೀನುಗಾರರವು. ಅವರ ಜಾಗ ಕಸಿಯದೆ ಪ್ರವಾಸಿ ಹಡಗಿಗೆ ಎಡೆ ಮಾಡುವುದು ಹೇಗೆ ಎಂಬುದು ಯೋಜನೆ ಬರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ. ಕಾರವಾರದ ಕಡೆಯಂತೂ ನೌಕಾನೆಲೆಯ ನಿರ್ಬಂಧಗಳೂ ಸೇರಿವೆ. ಎರಡು ಮೂರು ಮೀಟರ್ ನೀರು ಬೇಡುವ ಹಡಗಾದರೆ ಅಕ್ಟೋಬರ್‌ನಿಂದ ಮೇ ತನಕ ಭರತ ನೋಡಿಕೊಂಡು ಕೆಲವು ಅಳಿವೆಗಳನ್ನು ಹೊಗಬಹುದು, ಉಳಿದೆಡೆ ಹಳೆಯ ಕ್ರಮದಲ್ಲೇ ದೋಣಿ ಇಳಿಸಬೇಕಾದೀತು. ಇಂಥ ಯಾನ ಹೊರಟರೆ ಪ್ರತಿ ಬಂದರಿನಲ್ಲೂ ಕೋಟೆ, ಮಸೀದಿ, ಇಗರ್ಜಿ ತೋರಿಸಿ ಮುಗಿಸುವ ಬದಲು ಒಂದಾದರೂ ಘಟ್ಟವನ್ನು ಹತ್ತಿಸಬೇಕು: ಬಸರೂರಿನಿಂದ ಬಿದನೂರಿಗೆ, ದಾಭೋಳದಿಂದ ಕರಾಡದ ಮೇಲೆ ಬಿಜಾಪುರ, ಕಲಬುರಗಿಗೆ. ದಾಭೋಳ ಮತ್ತು ಎದುರು ದಡದ ಧೋಪಾವೆ ನಡುವೆ ಈಗ ಕಾರು, ಬಸ್ಸುಗಳನ್ನೂ ಹೊತ್ತು ದಾಟಿಸುವ ಚಪ್ಪಟೆ ತಳದ ದೋಣಿ ಓಡಾಡುತ್ತದೆ. ಅದರಿಂದ ಇಳಿದ ಗಾಡಿ ಗುಹಾಗರದ ಕಡೆಯಿಂದ ಚಿಪ್ಳೂಣ ಸೇರಿ ಕುಂಭಾರ್ಲಿ ಘಟ್ಟ ಹತ್ತಬಹುದು.